ದುಡಿದ ಮೈ, ಆಡದ ಮೈ



ದೇಹದಾರ್ಢ್ಯ ಮತ್ತು ಆರೋಗ್ಯದ ಬಗ್ಗೆ ಮಾತಾಡಬೇಕೆಂದು ನನಗೆ ಹೇಳಿದ್ದೀರಿ. ಮೂಡುಬಿದಿರೆಯಲ್ಲಿ ನಿಂತು ಈ ಮಾತಾಡುವುದು ಸುಲಭ. ಇಲ್ಲಿ ಸ್ವರಾಜ್ಯ ಮೈದಾನವಿದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಈ ಊರಲ್ಲೇ ನಡೆಯಿತು. ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನದ ಕಾಲೇಜಿದೆ. ಚಳಿಗಾಲ ಬಂತೆಂದರೆ ಕಂಬಳದ ಕರೆಗಳು ತುಂಬುತ್ತವೆ. ಮೈಯನ್ನು ಸಾಕುವ ವಿದ್ಯೆಗೆ ನಮ್ಮಲ್ಲಿ ಕೊರತೆಯಿಲ್ಲ. ಆ ವಿದ್ಯೆ ಯಾರ ಅಂಗಳದವರೆಗೆ ಹೋಗಿ ನಿಂತುಬಿಟ್ಟಿದೆ ಎಂಬುದು ನನ್ನ ಇಂದಿನ ಮಾತು.

ಬಂಟ್ವಾಳ ದಾಟಿ, ಮಾಣಿಯಲ್ಲಿ ಪುತ್ತೂರಿನ ದಾರಿ ಹಿಡಿದು ಸುಳ್ಯದತ್ತ ಹೋದರೆ ಗುಡ್ಡೆ ಗುಡ್ಡೆಗೆ ರಬ್ಬರ್ ತೋಟ. ಅದರಲ್ಲಿ ಸಾವಿರಾರು ಹೆಕ್ಟೇರ್ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ್ದು. 1971ರಲ್ಲಿ ಹುಟ್ಟಿದ ಆ ನಿಗಮದ ತೋಟಗಳ ಒಳಗೆ ಸಾಲು ಮನೆಗಳ ಕಾಲನಿಗಳಿವೆ. ಮನೆಮಾತು ತಮಿಳು, ಶಾಲೆಯ ಮಾತು ಕನ್ನಡ, ಪೇಟೆಯ ಮಾತು ತುಳು. ಊರಿನವರು ಇಂದಿಗೂ ಅವರನ್ನು ‘ಸಿಲೋನಿನವರು’ ಎಂದೇ ಕರೆಯುತ್ತಾರೆ. ಅಲ್ಲಿ ಇಂದು ಓದುತ್ತಿರುವ ಮಗುವಿನ ತಂದೆಯೂ ಸಿಲೋನನ್ನು ಕಂಡಿರುವುದಿಲ್ಲ.

ಇವರು ಬಂದ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳುನಾಡಿನ ಬರಗಾಲದ ಊರುಗಳಿಂದ ಜನರನ್ನು ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಕಾಫಿ ತೋಟಗಳಿಗೂ ಆಮೇಲೆ ಚಹಾ ತೋಟಗಳಿಗೂ ಒಯ್ದರು. ಸಿಲೋನ್ ಸ್ವತಂತ್ರವಾದ 1948ರಲ್ಲೇ ಬಂದ ಪೌರತ್ವ ಕಾಯ್ದೆ ಆ ತೋಟದವರಲ್ಲಿ ಬಹುಪಾಲು ಜನರನ್ನು ಯಾವ ದೇಶದವರೂ ಅಲ್ಲದಂತೆ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಲ್ಲಿ 9,75,000 ಜನರ ಹಂಚಿಕೆಯ ಲೆಕ್ಕವಿತ್ತು: ಭಾರತಕ್ಕೆ 5,25,000, ಸಿಲೋನಿಗೆ 3,00,000, ಉಳಿದ 1,50,000 ಆಮೇಲೆ ನೋಡೋಣ ಎಂದು. ಆ ಉಳಿಕೆಯನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅರ್ಧರ್ಧ ಮಾಡಿಕೊಂಡರು. ಆಸ್ತಿ ಪಾಲಾಗುವಾಗ ಅಣ್ಣತಮ್ಮಂದಿರು ಜಗಳವನ್ನಾದರೂ ಮಾಡುತ್ತಾರೆ. ಇಲ್ಲಿ ಪಾಲಾದವರಿಗೆ ಬಾಯಿ ಬಿಡುವ ಅವಕಾಶವೂ ಇರಲಿಲ್ಲ.

ಕಾನೂನಿನ ಪ್ರಕಾರ ಇವರು ಭಾರತದ ಪೌರರಾಗಿಯೇ ಬಂದವರು. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು, ಅಲ್ಲಿಂದ ಮಂಡಪಂ ಶಿಬಿರ, ಅಲ್ಲಿಂದ ಎಲ್ಲಿಗೆ ಹಾಕಿದರೋ ಅಲ್ಲಿಗೆ. ಮಂಡಪಂ ಶಿಬಿರದ ವಿಷಯದಲ್ಲಿ ಒಂದು ಕ್ಷಣ ನಿಲ್ಲಬೇಕು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅದನ್ನು ನಡೆಸುತ್ತಿದ್ದುದು ಸಿಲೋನ್ ಸರ್ಕಾರ. ತೋಟಕ್ಕೆ ಹೊರಟ ಕೂಲಿಗಳನ್ನು ಕಾಲರಾ, ಪ್ಲೇಗ್ ಇಲ್ಲವೆಂದು ಖಾತ್ರಿಯಾಗುವವರೆಗೆ ಅಲ್ಲಿ ಕೂಡಿಹಾಕಿ, ಸಿಡುಬಿನ ಲಸಿಕೆ ಹಾಕಿ, ದುಡಿಯಲು ತಕ್ಕ ಮೈ ಎಂದು ಕಂಡ ಮೇಲೆ ಹಡಗು ಹತ್ತಿಸುತ್ತಿದ್ದರು. ಅಜ್ಜ ಮೈ ತೋರಿಸಿ ದಾಟಿ ಹೋದ ಅದೇ ಶಿಬಿರಕ್ಕೆ ಮೊಮ್ಮಕ್ಕಳು ಗಂಟುಮೂಟೆ ಹೊತ್ತು ಇಳಿದರು. ಇವರ ಮೈಯನ್ನು ಸರ್ಕಾರಗಳು ಸದಾ ಪರೀಕ್ಷಿಸಿಯೇ ಇವೆ. ಪರೀಕ್ಷೆಯ ಪ್ರಶ್ನೆ ಮಾತ್ರ ಒಂದೇ: ಕೆಲಸಕ್ಕೆ ಆಗುತ್ತದೆಯೇ?

ಪುನರ್ವಸತಿಯ ಯೋಜನೆಯೂ ಅದೇ ಪ್ರಶ್ನೆಯ ಮುಂದುವರಿಕೆ. ತೋಟದಲ್ಲಿ ದುಡಿದು ಗೊತ್ತಿದ್ದವರಿಗೆ ಮತ್ತೆ ತೋಟ. ತಮಿಳುನಾಡು ನೀಲಗಿರಿಯಲ್ಲಿ ಚಹಾ ಬೆಳೆಸಿತು, ಕೇರಳ ಪುನಲೂರಿನ ಬಳಿ ರಬ್ಬರ್ ಹಾಕಿತು, ನಮ್ಮ ರಾಜ್ಯ ಸುಳ್ಯ, ಪುತ್ತೂರು ಕಡೆಯ ಕಾಡು ಕಡಿದು ರಬ್ಬರ್ ನೆಟ್ಟಿತು. ಈ ಯೋಜನೆಯನ್ನು ನಾನು ಹಳಿಯುವುದಿಲ್ಲ. ಖಾಯಂ ಕೆಲಸ, ಭವಿಷ್ಯನಿಧಿ, ತಲೆಯ ಮೇಲೊಂದು ಸೂರು ಸಿಕ್ಕಿತು. ಆ ಕಾಲದ ನಮ್ಮ ಗೇಣಿ ಒಕ್ಕಲುಗಳಲ್ಲಿ ಎಷ್ಟೋ ಮಂದಿಗೆ ಅದೂ ಇರಲಿಲ್ಲ. ನನ್ನ ತಕರಾರು ಬೇರೆ. ಯೋಜನೆ ಹಾಕಿದವರು ಒಂದು ಮನೆಯನ್ನು ಇಷ್ಟು ಜೋಡಿ ಕೈ ಎಂದು ನೋಡಿದರು. ಬೆನ್ನು, ಮೊಣಕಾಲು, ಸಂಜೆ, ಮುಪ್ಪು ಇವು ಯಾವುವೂ ಲೆಕ್ಕಕ್ಕೆ ಬರಲಿಲ್ಲ.

ಈ ಸಭೆಯಲ್ಲಿ ಬೆಳ್ತಂಗಡಿಯವರು ಬಹಳ ಮಂದಿ ಇದ್ದೀರಿ, ರಬ್ಬರ್ ನಿಮಗೆ ಹೊಸದಲ್ಲ. ಆದರೂ ಟ್ಯಾಪಿಂಗ್ ಎಂಬ ಕೆಲಸವನ್ನು ಮರದ ಕಡೆಯಿಂದಲ್ಲ, ಮನುಷ್ಯನ ಮೈಯ ಕಡೆಯಿಂದ ನೋಡೋಣ. ಬಿಸಿಲೇರಿದಂತೆ ಮರದೊಳಗಿನ ಒತ್ತಡ ಇಳಿದು ಹಾಲು ಕಡಿಮೆಯಾಗುವುದರಿಂದ ನಸುಕಿನಲ್ಲೇ ಗುಡ್ಡೆ ಹತ್ತಬೇಕು. ಒಬ್ಬರ ಪಾಲಿಗೆ ಮುನ್ನೂರರಷ್ಟು ಮರ. ಪ್ರತಿ ಮರದ ಬಳಿ ಬಗ್ಗಿ, ತೊಗಟೆಯ ಅಡಿಯ ಬೆಳೆಯುವ ಪದರಕ್ಕೆ ಗಾಯವಾಗದಂತೆ ಚೂರಿಯಿಂದ ತೆಳ್ಳಗೆ ಒಂದು ಎಸಳು ತೆಗೆದು, ಗೆರಟೆ ಸರಿಮಾಡಿ ಮುಂದಿನ ಮರಕ್ಕೆ. ಅದು ಮುಗಿದ ಮೇಲೆ ಅದೇ ದಾರಿಯಲ್ಲಿ ಮತ್ತೊಮ್ಮೆ ಸುತ್ತಿ, ಹಾಲನ್ನು ಬಕೆಟಿಗೆ ಸುರಿದುಕೊಂಡು, ಜಾರುವ ಇಳಿಜಾರಿನಲ್ಲಿ ಹೊತ್ತು ತರಬೇಕು. ಮಳೆಗಾಲದಲ್ಲಿ ಜಿಗಣೆ, ಎಲೆಯ ಅಡಿಯಲ್ಲಿ ಕನ್ನಡಿ ಹಾವು. ಗೆರಟೆಯಲ್ಲಿ ನಿಂತ ನೀರು ಸೊಳ್ಳೆಗೆ ತೊಟ್ಟಿಲು. 2008ರಲ್ಲಿ ಚಿಕುನ್‌ಗುನ್ಯಾ ನಮ್ಮ ಜಿಲ್ಲೆಯ ಹಳ್ಳಿಗಳನ್ನು ಮಲಗಿಸಿದಾಗ ರಬ್ಬರ್ ಇರುವ ಊರುಗಳ ಪಾಡು ಹೇಗಿತ್ತೆಂದು ನಿಮಗೆ ನೆನಪಿದ್ದೀತು. ಜ್ವರ ವಾರದಲ್ಲಿ ಬಿಟ್ಟಿತು, ಗಂಟುನೋವು ವರ್ಷಗಟ್ಟಲೆ ಉಳಿಯಿತು.

ನನ್ನನ್ನು ಹೆಚ್ಚು ಕಾಡುವುದು ಮರದ ಮೇಲಿನ ಗೀರಿನ ಎತ್ತರ. ಹೊಸ ಮರಕ್ಕೆ ಏಳನೆಯ ವರ್ಷದ ಹೊತ್ತಿಗೆ ಮೊದಲ ಗೀರು ಹಾಕುತ್ತಾರೆ, ಸುಮಾರು 125 ಸೆಂಟಿಮೀಟರ್ ಎತ್ತರದಲ್ಲಿ. ನಿಂತೇ ಮಾಡಬಹುದಾದ ಕೆಲಸ. ದಿನ ಬಿಟ್ಟು ದಿನ ಎಸಳು ತೆಗೆದಂತೆ ಗೀರು ಕೆಳಗಿಳಿಯುತ್ತದೆ. ಎರಡು ಮೂರು ವರ್ಷದಲ್ಲಿ ಸೊಂಟ ಬಗ್ಗಬೇಕು, ಬುಡ ಮುಟ್ಟುವಾಗ ಕುಕ್ಕರಗಾಲಿನಲ್ಲಿ ಕೂರಬೇಕು. ಆಮೇಲೆ ಇನ್ನೊಂದು ಮಗ್ಗುಲಲ್ಲಿ ಮತ್ತೆ ಮೇಲಿನಿಂದ ಶುರು. ಮರ ಮುದಿಯಾಗಿ ಕೆಳಗಿನ ತೊಗಟೆ ಮುಗಿದ ಮೇಲೆ ಉದ್ದ ಹಿಡಿಯ ಚೂರಿ ಹಿಡಿದು, ಕತ್ತು ಮೇಲೆತ್ತಿ, ಎತ್ತರದ ತೊಗಟೆಯನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯಬೇಕು. ಮೊದಲು ಸೊಂಟ, ಆಮೇಲೆ ಮೊಣಕಾಲು, ಕೊನೆಗೆ ಕತ್ತು. ಇಪ್ಪತ್ತೈದು, ಮೂವತ್ತು ವರ್ಷಕ್ಕೆ ಮರದ ಆಯುಷ್ಯ ಮುಗಿಯುತ್ತದೆ. ಎಪ್ಪತ್ತರ ದಶಕದಲ್ಲಿ ನೆಟ್ಟ ಮರಗಳೂ ಅವನ್ನು ನೆಟ್ಟ ಹರೆಯದವರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸವೆದರು. ಮುದಿಮರ ಕಡಿದ ಜಾಗಕ್ಕೆ ಹೊಸ ಸಸಿ ಬಂತು. ಮನುಷ್ಯರಿಗೆ ನಿವೃತ್ತಿ ಬಂತು, ಜೊತೆಗೆ ತೋಟದ ವಸತಿ ಬಿಡಬೇಕಾದೀತೆಂಬ ಹೆದರಿಕೆಯೂ ಬಂತು. ಮನೆ ನನ್ನದಲ್ಲ ಎಂಬ ಚಿಂತೆ ಹೊತ್ತು ಮಲಗುವವರ ರಕ್ತದೊತ್ತಡ ಬರೀ ಉಪ್ಪು ಬಿಟ್ಟರೆ ಇಳಿಯುವುದಿಲ್ಲ.

ಇಲ್ಲೊಂದು ಮಾತು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: “ದುಡಿಯುವವರಿಗೆ ವ್ಯಾಯಾಮ ಯಾಕೆ ಮಾರಾಯ್ರೆ? ಅವರ ಕೆಲಸವೇ ವ್ಯಾಯಾಮವಲ್ಲವೇ?” ಈ ಮಾತಿಗೆ ವಿಜ್ಞಾನದ ಬೆಂಬಲ ಇದ್ದ ಕಾಲವೂ ಇತ್ತು. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳ ನೌಕರರ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕೂತ ಡ್ರೈವರಿಗಿಂತ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರಿಗೆ ಹೃದಯದ ಕಾಯಿಲೆ ಕಡಿಮೆ. ವ್ಯಾಯಾಮಕ್ಕೂ ಆರೋಗ್ಯಕ್ಕೂ ಇರುವ ನಂಟಿನ ಆಧುನಿಕ ಅಧ್ಯಯನ ಬಹುಮಟ್ಟಿಗೆ ಅಲ್ಲಿಂದ ಬೆಳೆಯಿತು. ಈಚೆಗೆ ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಇನ್ನೊಂದು ಕಡೆಯನ್ನು ತೋರಿಸಿದ್ದಾರೆ. ಬಿಡುವಿನಲ್ಲಿ ತಾನಾಗಿ ಮಾಡುವ ಓಟ, ಆಟ, ನಡಿಗೆ ಹೃದಯವನ್ನು ಕಾಯುತ್ತವೆ. ಹೊಟ್ಟೆಪಾಡಿಗಾಗಿ ದಿನವಿಡೀ ಮಾಡುವ ಭಾರದ ಕೆಲಸ ಹಾಗೆ ಕಾಯುವುದಿಲ್ಲ, ಎಷ್ಟೋ ಕಡೆ ಕೇಡನ್ನೇ ತರುತ್ತದೆ. ಕಾರಣ ನಮಗೆಲ್ಲ ಅರ್ಥವಾಗುವಂಥದ್ದೇ. ಆಟದಲ್ಲಿ ಏದುಸಿರು ಬಂದರೆ ನಿಲ್ಲಬಹುದು. ಕೆಲಸದಲ್ಲಿ ನಿಲ್ಲುವಂತಿಲ್ಲ. ಆಟದ ಮೈಗೆ ಮರುದಿನ ವಿಶ್ರಾಂತಿ ಉಂಟು, ಕೆಲಸದ ಮೈಗೆ ಅದೇ ಕೀಲು, ಅದೇ ಬಗ್ಗುವಿಕೆ, ಅದೇ ಭಾರ.

ಇದು ರಬ್ಬರಿನವರ ಕತೆ ಮಾತ್ರವೂ ಅಲ್ಲ. ಬಂಟ್ವಾಳ, ಬೆಳ್ತಂಗಡಿಯ ಮನೆಮನೆಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಕತ್ತು, ಬೆನ್ನು ಕೇಳಿ ನೋಡಿ. ಒಬ್ಬರು ನಡೆದು ಸವೆದರು, ಇನ್ನೊಬ್ಬರು ಕೂತು ಸವೆದರು.

ದುಡಿಮೆಯನ್ನೇ ವ್ಯಾಯಾಮವೆನ್ನುವ ಕಣ್ಣಿಗೆ ನಮ್ಮೂರಿನದೇ ಒಂದು ಉದಾಹರಣೆಯಿದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ನಮ್ಮ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶದ ಪತ್ರಿಕೆಗಳು ಭಾಗಾಕಾರ ಮಾಡಿ ಉಸೇನ್ ಬೋಲ್ಟ್ ಜೊತೆ ತೂಗಿದವು. ‘ಕಟ್ಟಡ ಕೂಲಿ’ ಎಂಬ ಪದ ಬಹುತೇಕ ವರದಿಗಳಲ್ಲಿ ಇತ್ತು, ಕಲ್ಲು ಹೊತ್ತದ್ದಕ್ಕೇ ಆ ಕಾಲು ಬಂತು ಎನ್ನುವ ಹಾಗೆ. ಕಂಬಳದ ಓಟಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು, ಕೋಣಗಳ ಜೊತೆ ಪಳಗಬೇಕು, ಸಾಕುವ ಯಜಮಾನರು ಬೇಕು, ನೋಡಿ ಕೂಗುವ ಊರು ಬೇಕು. ಕಲ್ಲು ಹೊರುವ ಕೆಲಸ ಅವರ ಓಟದ ಶಾಲೆಯಾಗಿರಲಿಲ್ಲ. ಕೂಲಿಯ ಮೈಯನ್ನು ಹೊಗಳುವುದರಲ್ಲಿ ಕೂಲಿಯನ್ನು ಮರೆಯುವ ಒಂದು ಜಾಣತನ ಇದೆ.

ನೆಲೆ ತಪ್ಪಿದವರ ಬಗೆಗೂ ಹೀಗೇ. ಅವರ ಮೈಯ ಮಾತು ಬಂದರೆ ನಮಗೆ ಪದಕದ ಕತೆ ಬೇಕು, ಪದಕದ ಸನಿಹ ಬಂದದ್ದಾದರೂ ಸರಿ. ದೇಶವಿಭಜನೆಯಲ್ಲಿ ಮನೆಯವರನ್ನು ಕಳೆದುಕೊಂಡು ದಿಲ್ಲಿಗೆ ಬಂದ ಮಿಲ್ಖಾ ಸಿಂಗ್ 1960ರ ರೋಮ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. 2016ರ ರಿಯೋದಲ್ಲಿ ಹತ್ತು ಮಂದಿಯ ನಿರಾಶ್ರಿತರ ತಂಡ ಮೊದಲ ಬಾರಿ ಮೆರವಣಿಗೆಯಲ್ಲಿ ನಡೆಯಿತು, 2024ರ ಪ್ಯಾರಿಸ್‌ನಲ್ಲಿ ಆ ತಂಡಕ್ಕೆ ಸಿಂಡಿ ಎನ್‌ಗಾಂಬಾ ಬಾಕ್ಸಿಂಗ್‌ನ ಕಂಚು ತಂದರು. ಕೇಳಿದರೆ ಹೆಮ್ಮೆಯಾಗುತ್ತದೆ, ಸಂದೇಹವಿಲ್ಲ. ಆದರೆ ರಬ್ಬರ್ ಕೊಯ್ದ ಅಜ್ಜಿಯ ಮೊಣಕಾಲಿಗೆ ಪದಕ ಇಲ್ಲ, ಆದ್ದರಿಂದ ಆ ಕತೆಯೂ ಇಲ್ಲ.

ಸಿಲೋನಿನವರ ಎರಡನೆಯ ತಲೆಮಾರಿಗೆ ಬರೋಣ. ಇವರಲ್ಲಿ ಕೆಲವರು ಸಿಲೋನಿನ ಲೈನ್ ಮನೆಗಳಲ್ಲಿ ಹುಟ್ಟಿ ಮಗುವಾಗಿ ಬಂದವರು, ಕೆಲವರು ಇಲ್ಲಿಯೇ ಹುಟ್ಟಿದವರು. 1973-74ರಲ್ಲಿ ಶ್ರೀಲಂಕಾದಲ್ಲಿ ದೊಡ್ಡ ಆಹಾರ ಕೊರತೆಯಾಯಿತು. ಹೊಲವಿಲ್ಲದ, ರೇಷನ್ನನ್ನೇ ನಂಬಿದ್ದ ಚಹಾ ತೋಟದವರಿಗೆ ಅದರ ಪೆಟ್ಟು ಎಲ್ಲರಿಗಿಂತ ಹೆಚ್ಚು ಬಿತ್ತು, ತೋಟಗಳಲ್ಲಿ ಸಾವಿನ ಪ್ರಮಾಣ ಏರಿತು. 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್ ಹಸಿದಾಗ ಗರ್ಭದಲ್ಲಿದ್ದ ಮಕ್ಕಳನ್ನು ವಿಜ್ಞಾನಿಗಳು ದಶಕಗಳ ಕಾಲ ಹಿಂಬಾಲಿಸಿ ನೋಡಿದ್ದಾರೆ. ನಡುವಯಸ್ಸಿನಲ್ಲಿ ಅವರ ಮೈ ಸಕ್ಕರೆಯನ್ನು ಸರಿಯಾಗಿ ನಿಭಾಯಿಸಲಿಲ್ಲ. ಹುಟ್ಟುವಾಗಿನ ತೂಕಕ್ಕೂ ದೊಡ್ಡವರಾದ ಮೇಲಿನ ಹೃದಯದ ಕಾಯಿಲೆಗೂ ನಂಟಿದೆ ಎಂದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ತೋರಿಸಿದರು. ನಮ್ಮ ದೇಶದ ಕೂಸುಗಳು ತೂಕದಲ್ಲಿ ಕಡಿಮೆಯಿದ್ದರೂ ಕೊಬ್ಬಿನಲ್ಲಿ ಕಡಿಮೆಯಿಲ್ಲ ಎಂದು ಪುಣೆಯ ಡಾ. ಯಾಜ್ಞಿಕರು ತೋರಿಸಿದರು. ಆ ಬರದ ವರ್ಷಗಳಲ್ಲಿ ಸಿಲೋನಿನಲ್ಲಿ ಗರ್ಭದಲ್ಲಿದ್ದವರಿಗೆ ಈಗ ಐವತ್ತು ದಾಟಿದೆ. ತಾಯಿ ಹಸಿದ ಮೈ, ತಾನು ದುಡಿದ ಮೈ, ಈಗ ಪೇಟೆಯ ಪರೋಟ ಮತ್ತು ಸಕ್ಕರೆ ಹೆಚ್ಚಿನ ಚಹಾ. ಸಕ್ಕರೆ ಕಾಯಿಲೆಯ ತಪಾಸಣೆ ಯಾರಿಂದ ಶುರುವಾಗಬೇಕು ಎಂದು ಕೇಳಿದರೆ ನನ್ನ ಬೆರಳು ಇವರ ಕಡೆಗೆ ತೋರುತ್ತದೆ. ಸಪೂರ ಇದ್ದಾರೆ, ಗಟ್ಟಿ ಇದ್ದಾರೆ ಎಂಬ ಕಣ್ಣಂದಾಜು ಇಲ್ಲಿ ನಂಬಬಾರದ ಅಳತೆ. ಗಂಡಸರಲ್ಲಿ ಶರಾಬಿನ ಮಾತನ್ನೂ ಬಿಡುವಂತಿಲ್ಲ. ಸಂಜೆಗೆ ಬೇರೇನೂ ಇಲ್ಲದ ಕಡೆ ಗಡಂಗು ಇದ್ದೇ ಇರುತ್ತದೆ, ಅದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರು ತಾಲೂಕುಗಳಿಗೂ ಗೊತ್ತಿರುವ ಸತ್ಯ.

ಹೋಲಿಕೆಗಾಗಿ ನಮ್ಮದೇ ರಾಜ್ಯದ ಇನ್ನೆರಡು ನೆಲೆಗಳನ್ನು ನೋಡಿ. ಬೈಲುಕುಪ್ಪೆಯಲ್ಲಿ 1960ರ ಹೊತ್ತಿಗೆ, ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟಿನವರು ನೆಲೆಯೂರಿದರು. ಅವರೂ ಕಾಡು ಕಡಿದರು, ಸೆಕೆಗೆ ಬಾಡಿದರು, ಕ್ಷಯಕ್ಕೆ ತುತ್ತಾದರು. ಉಪ್ಪು, ಬೆಣ್ಣೆ ಹಾಕಿದ ಚಹಾ ಚಳಿನಾಡಿಗೆ ಸರಿ. ನಮ್ಮ ಸೆಕೆಯಲ್ಲಿ ಅದು ಹಿರಿಯರ ರಕ್ತದೊತ್ತಡದ ಲೆಕ್ಕಕ್ಕೆ ಸೇರಿತು. ಆದರೆ ಅವರಿಗೆ ಒಂದು ಅನುಕೂಲ ಸಿಕ್ಕಿತ್ತು. ಊರು ಊರಾಗಿಯೇ, ಮಠ, ಶಾಲೆ, ಆಸ್ಪತ್ರೆ, ಬಯಲುಗಳ ಸಮೇತ ನೆಲೆಗೊಂಡಿತು. ಅಲ್ಲಿನ ಮುದುಕ ಮುದುಕಿಯರು ಬೆಳಗ್ಗೆ ಸಂಜೆ ಜಪಮಣಿ ಎಣಿಸುತ್ತ ದೇವಾಲಯಕ್ಕೆ ಸುತ್ತು ಬರುತ್ತಾರೆ. ಯಾರೂ ಅದನ್ನು ವ್ಯಾಯಾಮ ಎನ್ನುವುದಿಲ್ಲ. ನಡಿಗೆ ಇದೆ, ಜೊತೆಯವರ ಮಾತಿದೆ, ಮನಸ್ಸಿಗೆ ಒಂದು ಆಸರೆ ಇದೆ. ಹುಡುಗರಿಗೆ ಫುಟ್‌ಬಾಲ್. ದಲೈಲಾಮಾ ಅವರ ತಾಯಿಯ ನೆನಪಿನ ಚಿನ್ನದ ಕಪ್ಪಿಗಾಗಿ ದೇಶದ ಹಲವು ಟಿಬೆಟಿಯನ್ ನೆಲೆಗಳು ತಂಡ ಕಟ್ಟುತ್ತವೆ. 2001ರ ಜೂನ್ 30ರಂದು ಕೋಪನ್‌ಹೇಗನ್‌ನಲ್ಲಿ ಟಿಬೆಟ್ ಹೆಸರಿನ ತಂಡ ಗ್ರೀನ್‌ಲೆಂಡ್ ಎದುರು ಆಡಿ 4-1ರಿಂದ ಸೋತಿತು, ಸೋತರೂ ಹಬ್ಬ ಮಾಡಿತು. ಸಿಲೋನ್ ಕಾಲನಿಗಳವರನ್ನು ತೋಟದ ಒಳಗೆ, ಕೆಲಸಕ್ಕೆ ಹತ್ತಿರವಾಗುವಂತೆ, ಚದುರಿಸಿ ಇಟ್ಟರು. ಮಾರಿಯಮ್ಮನ ಗುಡಿಯನ್ನು ಅವರೇ ಕಟ್ಟಿಕೊಂಡರು. ಹರಕೆಯ ಕಾವಡಿ ಹೊತ್ತು ಕುಣಿಯುವ ಆ ನಾಲ್ಕು ದಿನ ಮೈ ತೋಟದ ಮೇಸ್ತ್ರಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಕುಣಿತದ ಮಾತು ಬಂತು. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದವರೆಂದು ಹೇಳಿಕೊಳ್ಳುವ ಕುಡುಬಿಗಳು ಈ ಮೂಡುಬಿದಿರೆಯ ಸುತ್ತಲೇ ಇದ್ದಾರೆ. ಕಾಡಿನಲ್ಲಿ ಕುಮರಿ ಮಾಡಿ, ಕಾಚು ಕುದಿಸಿ ಬದುಕಿದ ಜನ. ಹೋಳಿಯಲ್ಲಿ ಗುಮಟೆ ಬಾರಿಸುತ್ತ ಮನೆಯಿಂದ ಮನೆಗೆ ಕುಣಿದು ಹೋಗುವುದನ್ನು ಅವರು ಇಷ್ಟು ತಲೆಮಾರು ಕಳೆದರೂ ಬಿಟ್ಟಿಲ್ಲ. ಅದೇ ಕಾಲದ ವಲಸೆಯಲ್ಲಿ ಬಂದ ಸಾರಸ್ವತರು ಬಂಟ್ವಾಳದ ಪೇಟೆ ಬೆಳೆಸಿದರು. ಆ ಪೇಟೆಯಿಂದಲೇ ಕವಿ ಪಂಜೆ ಮಂಗೇಶರಾಯರು ಬಂದರು. ನಮ್ಮಲ್ಲಿ ಯಾರ ಅಜ್ಜ ಯಾವ ಘಟ್ಟ, ಯಾವ ಹೊಳೆ ದಾಟಿ ಬಂದರೆಂದು ಕೆದಕುತ್ತ ಹೋದರೆ ಈ ಸಭೆಯ ಅರ್ಧ ಕುರ್ಚಿಗಳು ಖಾಲಿಯಾದಾವು! ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಕುತ್ಲೂರು ನಾರಾವಿ ಕಡೆಯಲ್ಲಿ, ಇರಲೂ ಹೊರಡಲೂ ಆಗದೆ ಕೂತ ಆದಿವಾಸಿ ಮಲೆಕುಡಿಯರ ಕತೆ ಬೆಳ್ತಂಗಡಿಯವರಿಗೆ ನಾನು ಹೇಳಬೇಕಾಗಿಲ್ಲ. ದಾರಿಯಿಲ್ಲದ ಕಡೆ ರೋಗಿಯನ್ನು ಹೊತ್ತು ತರುವವನ ಹೆಗಲನ್ನು ಯಾರೂ ದೇಹದಾರ್ಢ್ಯ ಸ್ಪರ್ಧೆಗೆ ಕರೆದಿಲ್ಲ.

ಇನ್ನು ಸಿಲೋನ್ ಕಾಲನಿಗಳ ಮೂರನೆಯ ತಲೆಮಾರು. ಇವರು ತೋಟಕ್ಕೆ ಹೋಗಲು ಒಲ್ಲರು, ಅದು ಸರಿಯೇ. ಓದುತ್ತಾರೆ, ಮಂಗಳೂರಿನ ಅಂಗಡಿ, ಬೆಂಗಳೂರಿನ ಕಂಪನಿ, ತಿರುಪ್ಪೂರಿನ ಗಾರ್ಮೆಂಟ್ಸ್ ಸೇರುತ್ತಾರೆ. ಅಜ್ಜಿ ನಸುಕಿನಲ್ಲಿ ಗುಡ್ಡೆ ಹತ್ತಿದಳು, ಮೊಮ್ಮಗಳು ಹತ್ತು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಒಂದು ತಲೆಮಾರಿಗೆ ದುಡಿಮೆ ಹೆಚ್ಚಾಯಿತು, ಇನ್ನೊಂದಕ್ಕೆ ಚಲನೆಯೇ ಕಡಿಮೆಯಾಯಿತು. ಆಟ ಇಬ್ಬರಿಗೂ ಸಿಗಲಿಲ್ಲ. ಮಕ್ಕಳಿಗೆ ದಿನಕ್ಕೆ 60 ನಿಮಿಷ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಚಟುವಟಿಕೆ ಬೇಕು, ಅರುವತ್ತೈದು ದಾಟಿದವರು ಬೀಳದಂತೆ ಕಾಲಿಗೆ ಬಲ ಕೊಡುವ, ಸಮತೋಲನ ಕಾಯುವ ಅಭ್ಯಾಸವನ್ನು ವಾರಕ್ಕೆ ಮೂರು ದಿನವಾದರೂ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆ ನಿಮಿಷಗಳು ಕಾಲನಿಯ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಸಿಗಬೇಕು? ಗುಡ್ಡೆಯೆಲ್ಲ ರಬ್ಬರ್. ಸಮತಟ್ಟಾದ ಜಾಗವಿದ್ದರೆ ಅದು ಹಾಲು ತೂಗುವ ಅಂಗಳ. ಹುಡುಗರು ಹೇಗೋ ಎರಡು ಕಂಬ ನೆಟ್ಟು ವಾಲಿಬಾಲ್ ಬಲೆ ಕಟ್ಟಿಕೊಳ್ಳುತ್ತಾರೆ. ಹುಡುಗಿಯರಿಗೆ ಹೈಸ್ಕೂಲಿನ ತ್ರೋಬಾಲ್, ಕಬಡ್ಡಿ ಮುಗಿದ ದಿನವೇ ಆಟವೂ ಮುಗಿಯಿತು. ಒಳ್ಳೆಯ ಓಟಗಾರ್ತಿಯೊಬ್ಬಳು ಸಿಕ್ಕಿದರೂ ಕ್ರೀಡಾ ಹಾಸ್ಟೆಲಿನ ಅರ್ಜಿಯಲ್ಲಿ ಜಾತಿ ಪ್ರಮಾಣಪತ್ರದ ಕಾಲಂ ಬರುತ್ತದೆ. ಸಿಲೋನಿನಿಂದ ಬಂದ ಪರಿಶಿಷ್ಟ ಜಾತಿಯ ಕುಟುಂಬಗಳು ಆ ಪತ್ರಕ್ಕಾಗಿ ಎಷ್ಟು ಕಾಲ ಕಚೇರಿ ಅಲೆದಿವೆ ಎಂಬುದು ಜಿಲ್ಲೆಯ ಪತ್ರಿಕೆ ಓದುವವರಿಗೆಲ್ಲ ಗೊತ್ತು.

ಆಗಬೇಕಾದದ್ದು ದೊಡ್ಡ ಯೋಜನೆಯಲ್ಲ. ತೋಟದ ಪ್ರತಿ ಕಾಲನಿಯಲ್ಲಿ ಒಂದು ಸಮತಟ್ಟು ಜಾಗ ಆಟಕ್ಕೆಂದೇ ಕಾಗದದಲ್ಲಿ ದಾಖಲಾಗಲಿ. ನಿವೃತ್ತರಾದವರ ಮನೆಯ ಪ್ರಶ್ನೆ ಬಗೆಹರಿಯಲಿ. ಅದು ಕಂದಾಯದ ವಿಷಯವಾದಷ್ಟೇ ಆರೋಗ್ಯದ ವಿಷಯ. ಆಶಾ ಕಾರ್ಯಕರ್ತೆಯರ ಜೊತೆ ತಿಂಗಳಿಗೊಮ್ಮೆ ಒಬ್ಬ ಫಿಸಿಯೋಥೆರಪಿಸ್ಟ್ ಹೋಗಲಿ. ಆ ವಿದ್ಯೆ ಕಲಿಸುವ ಕಾಲೇಜುಗಳು ನಮ್ಮ ಜಿಲ್ಲೆಯಲ್ಲಿ ಬೇಕಷ್ಟಿವೆ. ಬೆಳ್ತಂಗಡಿಯ ರಬ್ಬರ್ ಬೆಳೆಗಾರರಿಗೂ ಒಂದು ಮಾತು. ನಿಮ್ಮ ಟ್ಯಾಪರನ ಗೀರು ಈಗ ಎಷ್ಟು ಎತ್ತರದಲ್ಲಿದೆ ಎಂದು ನೋಡಿ, ಬುಡದ ಸಾಲು ಮತ್ತು ನಿಂತು ಕೊಯ್ಯುವ ಸಾಲು ಇಬ್ಬರು ಟ್ಯಾಪರರ ನಡುವೆ ಅದಲುಬದಲಾಗುವಂತೆ ಕೆಲಸ ಹಂಚಿ. ಅದಕ್ಕೆ ಕಾಸು ಖರ್ಚಿಲ್ಲ.

ಕೊನೆಯದಾಗಿ ಯುವಕ ಮಂಡಲ, ಮಹಿಳಾ ಮಂಡಲಗಳವರಲ್ಲಿ ನನ್ನದೊಂದು ಕೋರಿಕೆ. ಆಟಿ ತಿಂಗಳಲ್ಲಿ ಊರೂರಿನಲ್ಲಿ ‘ಕೆಸರ್ಡ್ ಒಂಜಿ ದಿನ’, ಅಂದರೆ ಕೆಸರಿನಲ್ಲೊಂದು ದಿನ, ಮಾಡುತ್ತೀರಿ. ಗದ್ದೆಯ ಓಟ, ಹಗ್ಗಜಗ್ಗಾಟ, ಹಾಳೆ ಎಳೆಯುವ ಆಟ ಎಲ್ಲ ಇರುತ್ತದೆ. ಅಜ್ಜಿಯರಿಗೆ ಬೇರೆ ಸ್ಪರ್ಧೆ, ಮಕ್ಕಳಿಗೆ ಬೇರೆ. ಈ ಸಲದ ಆಟಿಗೆ ಆಮಂತ್ರಣ ಬರೆಯುವಾಗ ಪುತ್ತೂರು, ಸುಳ್ಯದ ನಿಮ್ಮ ನೆಂಟರಿಗೆ ಹೇಳಿ ಸಿಲೋನ್ ಕಾಲನಿಯ ಒಂದು ತಂಡವನ್ನೂ ಕರೆಸಿ. ಅಡುಗೆಗೆ, ಬಡಿಸುವುದಕ್ಕೆ, ಗದ್ದೆ ಹದಮಾಡುವುದಕ್ಕೆ ಅಲ್ಲ, ಆಡುವುದಕ್ಕೆ ಕರೆಸಿ. ಮೂರು ತಲೆಮಾರಿನವರನ್ನೂ ಕರೆಸಿ, ಬಸ್ಸಿನ ಖರ್ಚು ನೀವೇ ಕೊಡಿ.